ವರ್ಣವಿಸರ್ಜನ ಮೀಮಾಂಸೆ

ಕಾರ್ಖಾನೆಯಲ್ಲೇ ಬಣ್ಣ ಹೊಡೆಸಿಕೊಂಡು ಬಂದ ಪ್ಲಾಸ್ಟಿಕ್ ಮಾದರಿ ವಿಮಾನಕ್ಕೆ ಮರುಬಣ್ಣ ಹೊಡೆಯುವ ಮುನ್ನ ಹಳೆಯದನ್ನು ತೆಗೆಯಬೇಕೇ ಎಂಬುದು ಷಡ್ದರ್ಶನಗಳೂ ಮುಟ್ಟದೆ ಬಿಟ್ಟ ಪ್ರಶ್ನೆ. ಇಲ್ಲಿ ಮೂರು ಪೂರ್ವಪಕ್ಷಗಳುಂಟು. ಮೊದಲನೆಯವರು ಬಳೆವಾದಿಗಳು. ಹೊಸದುರ್ಗ ತಾಲ್ಲೂಕಿನ ಮತ್ತೋಡು ಒಂದು ಕಾಲಕ್ಕೆ ಗಾಜಿನ ಬಳೆಗೆ ಹೆಸರಾದ ಊರು. 1800–01ರಲ್ಲಿ ಮೈಸೂರು ಸೀಮೆ ಸುತ್ತಿದ ಬುಕನನ್ ಕೂಡ ಇಲ್ಲಿನ ಗಾಜಿನ ಕಸುಬನ್ನು ಬರೆದಿಟ್ಟಿದ್ದಾನೆ. ಗಾಜು ಕರಗುವಾಗಲೇ ಬಣ್ಣ ಒಳಗೆ ಬೆರೆಯುವುದರಿಂದ ಬಳೆ ಚೂರಾದರೂ ಬಣ್ಣ ಬಿಡದು; ಆದ್ದರಿಂದ ಬಣ್ಣ ಕೀಳುವ ಶಾಸ್ತ್ರವೇ ವ್ಯರ್ಥ ಎನ್ನುತ್ತಾರೆ ಇವರು. ಬಳೆಯ ಮಟ್ಟಿಗೆ ಮಾತು ಸರಿ. ಮಾದರಿಯ ಪಾಲಿಸ್ಟೈರೀನ್ ಮೇಲಿನ ಬಣ್ಣವಾದರೋ ಹೊರಗಿನಿಂದ ಬಂದು ಕೂತದ್ದು, ಕೂತವನನ್ನು ಎಬ್ಬಿಸಬಹುದು.

ಎರಡನೆಯವರು ಲೇಪಾದ್ವೈತಿಗಳು: ಹಳೆಯದರ ಮೇಲೇ ಹೊಸದನ್ನು ಹೊಡೆದರೆ ಎರಡೂ ಒಂದೇ. ಇವರಿಗೆ ಲೆಕ್ಕವೇ ಉತ್ತರ. 13.2 ಮೀಟರ್ ಉದ್ದದ ತೇಜಸ್, 1:72ರ ಅಳತೆಯಲ್ಲಿ 18 ಸೆಂಟಿಮೀಟರ್ ಚಿಲ್ಲರೆ. ಪದರದ ಮೇಲೆ ಪದರ ಸೇರಿ 0.1 ಮಿಲಿಮೀಟರ್ ಆಯಿತೆನ್ನಿ, ನಿಜವಿಮಾನದ ಮೈಮೇಲೆ ಅದು 7.2 ಮಿಲಿಮೀಟರ್; ಅಂಥ ಕಂಬಳಿ ಹೊದ್ದ ತೇಜಸ್ಸನ್ನು ಯಾವ ಪೈಲಟ್ಟೂ ಹತ್ತಲಾರ. ತಗಡಿನ ಜೋಡಣೆಯ ಗೀರುಗಳಂತೂ ಮುಚ್ಚಿಯೇ ಹೋಗುತ್ತವೆ. ಕಣ್ಣಿಗೆ ಕಾಣದಿದ್ದರೇನಂತೆ ಎಂಬ ಆಕ್ಷೇಪಕ್ಕೆ ನಮ್ಮ ಜಿಲ್ಲೆಯಲ್ಲೇ ಸಮಾಧಾನವಿದೆ. ರೈಸ್ ಸಾಹೇಬರು ‘ಎಪಿಗ್ರಾಫಿಯಾ ಕರ್ನಾಟಿಕಾ’ದ 11ನೇ ಸಂಪುಟವನ್ನು ಚಿತ್ರದುರ್ಗದ ಶಾಸನಗಳಿಗೆ ಮೀಸಲಿಟ್ಟರು. ಪ್ರತಿ ಜಾತ್ರೆಗೂ ಕಲ್ಲಿಗೆ ಸುಣ್ಣ ಬಳಿಯುವ ಭಕ್ತರು ಅಕ್ಷರದ ತಗ್ಗನ್ನೆಲ್ಲ ತುಂಬಿಬಿಟ್ಟಿದ್ದರೆ ಆ ಸಂಪುಟ ಬರೀ ರಟ್ಟಾಗಿ ಉಳಿಯುತ್ತಿತ್ತು.

ಮೂರನೆಯವರು ಥಿನ್ನರ್‌ವಾದಿಗಳು, ಆತುರದ ಮುಮುಕ್ಷುಗಳು. ಥಿನ್ನರ್, ಅಸಿಟೋನ್‌ಗಳು ಪಾಲಿಸ್ಟೈರೀನನ್ನೇ ಕರಗಿಸುವುದರಿಂದ ಇಲ್ಲಿ ಬಣ್ಣಕ್ಕಿಂತ ಮೊದಲು ವಿಮಾನಕ್ಕೆ ಮೋಕ್ಷ. ಸಿದ್ಧಾಂತ ಇಷ್ಟು: ಅಕ್ರಿಲಿಕ್ ಬಣ್ಣಕ್ಕೆ ಐಸೊಪ್ರೊಪೈಲ್ ಆಲ್ಕೊಹಾಲ್, ಹಟಮಾರಿ ಎನಾಮಲ್‌ಗೆ ಬ್ರೇಕ್ ಆಯಿಲ್, ಕ್ರೋಮ್ ಹೊಳಪಿಗೆ ಬ್ಲೀಚ್, ಒಂದರಲ್ಲಿ ಇನ್ನೊಂದನ್ನು ಬೆರೆಸುವುದು ಮಹಾಪಾತಕ. ಕೈಗೆ ಗ್ಲೌಸ್, ತಿಕ್ಕಲು ಹಳೆಯ ಟೂತ್‌ಬ್ರಷ್, ಕೊನೆಗೆ ಸೋಪುನೀರಿನ ಅವಭೃಥ. ಆಲ್ಕೊಹಾಲ್ ಕೂಡ ಪಾರದರ್ಶಕ ಭಾಗಗಳಲ್ಲಿ ಬಿರುಕು ಮೂಡಿಸೀತಲ್ಲ ಎಂಬ ಕೊನೆಯ ಆಕ್ಷೇಪ ಮಾತ್ರ ನಿಜ. ಆದ್ದರಿಂದಲೇ ಬಾಟಲಿಯ ಚೀಟಿಯೆಂಬ ಆಪ್ತವಾಕ್ಯಕ್ಕಿಂತ ಪ್ರತ್ಯಕ್ಷವೇ ಬಲವಾದ ಪ್ರಮಾಣ: ಯಾರಿಗೂ ಕಾಣದ ಹೊಟ್ಟೆಯಡಿಯಲ್ಲಿ ಒಂದು ಹನಿ ಬಿಟ್ಟು, ಒಂದು ರಾತ್ರಿ ಸುಮ್ಮನಿರಬಲ್ಲವನಿಗೆ ಮಾತ್ರ ಈ ಶಾಸ್ತ್ರದಲ್ಲಿ ಅಧಿಕಾರ.