ಯೂರೋಗೆ ಎಷ್ಟು ಗ್ರಾಂ?

ಜರ್ಮನಿಗೆ ಓದಲು ಹೋಗುವ ನಮ್ಮ ಹುಡುಗರು ವೀಸಾಕ್ಕಾಗಿ ಬ್ಲಾಕ್ಡ್ ಅಕೌಂಟಿನಲ್ಲಿ (ತಿಂಗಳಿಗಿಷ್ಟೇ ಎಂದು ಹಣ ಬಿಡುವ ಖಾತೆ) ವರ್ಷಕ್ಕೆ 11,904 ಯೂರೋ ಇಡಬೇಕು. ಕೈಗೆ ಸಿಗುವುದು ತಿಂಗಳಿಗೆ 992. ಬಾಡಿಗೆ, ವಿಮೆ ಕಳೆದು ಉಳಿದದ್ದರಲ್ಲಿ ಹೊಟ್ಟೆ ತುಂಬಬೇಕು, ಜಿಮ್ಮಿಗೆ ಸೇರಿದ ಕರ್ಮಕ್ಕೆ ತೋಳೂ ತುಂಬಬೇಕು. ಪ್ರೋಟೀನ್ ಡಬ್ಬದ ಬೆಲೆಯನ್ನು ರೂಪಾಯಿಯಲ್ಲಿ ಗುಣಿಸಿ ನೋಡಿದರೆ ಸಾಕು, ಎದೆಬಡಿತ ಏರಿ ಅರ್ಧ ಕಾರ್ಡಿಯೊ ಅಂಗಡಿಯಲ್ಲೇ ಮುಗಿಯುತ್ತದೆ.

ಅಷ್ಟಕ್ಕೂ ಆ ಡಬ್ಬದೊಳಗೇನಿದೆ? ಚೀಸ್ ಮಾಡುವಾಗ ಸೋರಿಹೋಗುವ ನೀರನ್ನು ಸೋಸಿ ಒಣಗಿಸಿದ ಪುಡಿ. ಹಾಲು ಒಡೆದರೆ ನಮ್ಮ ಮನೆಗಳಲ್ಲಿ ಬಚ್ಚಲಿಗೆ ಚೆಲ್ಲುತ್ತಾರಲ್ಲ, ಅದರ ಬಂಧುವೇ. ಚಾಕೊಲೇಟ್ ವಾಸನೆ ಹಾಕಿ ಪೈಲ್ವಾನನ ಚಿತ್ರ ಅಂಟಿಸಿದ್ದಾರೆ ಅಷ್ಟೇ. ಊರಿನಿಂದಲೇ ಪುಡಿ ಒಯ್ಯೋಣವೆಂದರೆ, ಹೊರದೇಶದ ಹಾಲಿನ ಪದಾರ್ಥವನ್ನು ಐರೋಪ್ಯ ಒಕ್ಕೂಟದ ಕಸ್ಟಮ್ಸಿನವರು ಒಳಗೆ ಬಿಡುವುದಿಲ್ಲ.

ಜಾಣರು ಅಲ್ಲಿಯೇ ಸಿಗುವ, ಗಟ್ಟಿ ಮೊಸರಿನಂಥ ಕ್ವಾರ್ಕಿಗೆ ಶರಣಾಗುತ್ತಾರೆ. ಕೊಬ್ಬು ತೆಗೆದ ಕ್ವಾರ್ಕಿನ ಅರ್ಧ ಕೆಜಿ ಡಬ್ಬಿಯಲ್ಲಿ ಸುಮಾರು 60 ಗ್ರಾಂ ಪ್ರೋಟೀನ್. ಪುಡಿಯ ಮುಂದೆ ಪುಡಿಗಾಸು. ಜರ್ಮನಿಯ ಪೋಷಣ ತಜ್ಞರ ಪ್ರಕಾರ ವಯಸ್ಕರಿಗೆ ಕೆಜಿ ತೂಕಕ್ಕೆ ದಿನಕ್ಕೆ 0.8 ಗ್ರಾಂ ಸಾಕು. 70 ಕೆಜಿಯ ಆಸಾಮಿಗೆ 56. ಒಂದೇ ಡಬ್ಬಿಯಲ್ಲಿ ಲೆಕ್ಕ ಚುಕ್ತಾ! (ಜಿಮ್ ಗೆಳೆಯರ ಲೆಕ್ಕ ದುಪ್ಪಟ್ಟು, ಅವರ ಮಾತು ಬಿಡಿ.) ರುಚಿ ಮಾತ್ರ ಸುಣ್ಣ ಕಲಸಿದ ಮೊಸರಿನಂತೆ; ಉಪ್ಪಿನಕಾಯಿಯಿಲ್ಲದೆ ಗಂಟಲು ದಾಟದು.

ಇದಕ್ಕಿಂತ ನಮ್ಮ ಹುರಿಗಡಲೆಯೇ ವಾಸಿ: ಹಾಲಿನ ಪದಾರ್ಥವಲ್ಲ, 100 ಗ್ರಾಂಗೆ 20ರಷ್ಟು ಪ್ರೋಟೀನೂ ಇದೆ. ಆದ್ದರಿಂದ ಮಕ್ಕಳನ್ನು ಬೀಳ್ಕೊಡುವ ತಾಯಂದಿರೇ, ಚಕ್ಕುಲಿ ಕಡಿಮೆ ಮಾಡಿ, ಸೂಟ್‌ಕೇಸಿಗೆ ಹುರಿಗಡಲೆ ತುರುಕಿ.