ತ್ರಿ-ಕಕಾರ ಮೀಮಾಂಸೆ: ಕಡ್ಡಿ, ಕಾದಂಬರಿ ಮತ್ತು ಕಚೇರಿ

ವಿಷಯ ಪ್ರತಿಜ್ಞೆ

ಅಥಾತೋ ಬಿಡುವಿನ ಜಿಜ್ಞಾಸೆ. ಬೆಳಿಗ್ಗೆ ಮನೆ ಬಿಟ್ಟು, ಮೂರು ಮೀಟಿಂಗು, ಎರಡು ಆಡಿಟ್ ಆಕ್ಷೇಪಣೆ ಮತ್ತು ಲೆಕ್ಕವಿಲ್ಲದಷ್ಟು ‘ಸ್ವಲ್ಪ ಅರ್ಜೆಂಟ್ ಮೇಡಂ’ಗಳನ್ನು ದಾಟಿ ಕತ್ತಲಾದ ಮೇಲೆ ಮನೆ ಸೇರುವ ನೌಕರವರ್ಗವು ಅರ್ಧ ಹೆಣೆದ ಸ್ವೆಟರನ್ನೂ ಅರ್ಧ ಓದಿದ ಕಾದಂಬರಿಯನ್ನೂ ಒಂದೇ ಜನ್ಮದಲ್ಲಿ ದಡ ಮುಟ್ಟಿಸಬಲ್ಲದೇ ಎಂಬುದು ಪ್ರಸ್ತುತ ಗ್ರಂಥದ ವಿಷಯ. ಪ್ರಾಚೀನ ಆಚಾರ್ಯರು ಈ ಪ್ರಶ್ನೆಯನ್ನು ಎತ್ತಿಕೊಂಡಿಲ್ಲ. ಅವರಿಗೆ ಮಾರ್ಚ್ ತಿಂಗಳ ಇಯರ್ ಎಂಡಿಂಗ್ ಇರಲಿಲ್ಲ. ಮ್ಯಾನೇಜ್‌ಮೆಂಟ್ ಪಂಡಿತರು ಎತ್ತಿಕೊಂಡಿದ್ದಾರೆ. ಆದರೆ ಅವರ ಪುಸ್ತಕಗಳಲ್ಲಿ ಎಲ್ಲೂ ಉಲ್ಲನ್ ಉಂಡೆ ಕಾಣಸಿಗುವುದಿಲ್ಲ. ಆದ್ದರಿಂದ ಈ ಭಾರ ನಮ್ಮ ತಲೆಗೇ ಬಿದ್ದಿದೆ.

ಉದಾಹರಣೆ ಬೇಕಾದಾಗ ಬೆಂಗಳೂರಿನ ಯಾವುದೋ ಬ್ಯಾಂಕಿನ ಅಧಿಕಾರಿಣಿಯೊಬ್ಬರನ್ನು ಕಲ್ಪಿಸಿಕೊಳ್ಳತಕ್ಕದ್ದು. ಅವರನ್ನು ಇನ್ನು ಮುಂದೆ ‘ಸಾಧಕಿ’ ಎಂದು ಕರೆಯಲಾಗುವುದು.

ಗಣಿತ ಪ್ರಕರಣ

ಮೊದಲು ಲೆಕ್ಕ. ಮಧ್ಯಮ ದಪ್ಪದ ಉಲ್ಲನ್ನು, 4 ಮಿ.ಮೀ. ಕಡ್ಡಿ. ಹಳೆಯ ಬ್ರಿಟಿಷ್ ಪದ್ಧತಿಯಲ್ಲಿ ಇದು 8ನೇ ನಂಬರು. ನಂಬರು ಏರಿದಷ್ಟೂ ಕಡ್ಡಿ ಸಣ್ಣಗಾಗುವುದು ಈ ಪದ್ಧತಿಯ ವೈಶಿಷ್ಟ್ಯ. ಗ್ರೇಡು ಏರಿದಷ್ಟೂ ಬಿಡುವು ಸಣ್ಣಗಾಗುವ ಕಚೇರಿ ಪದ್ಧತಿಯೂ ಅದೇ ಹಡಗಿನಲ್ಲಿ ಬಂದಿಳಿದಿರಬೇಕೆಂದು ನಮ್ಮ ಊಹೆ.

ಈ ಕಡ್ಡಿಯಲ್ಲಿ 10 ಸೆಂ.ಮೀ.ಗೆ 22 ಕುಣಿಕೆ, 28 ಸಾಲು ಬರುತ್ತದೆ. ಬೆನ್ನಿನ ಭಾಗ 50 ಸೆಂ.ಮೀ. ಅಗಲ, 60 ಸೆಂ.ಮೀ. ಉದ್ದ ಎಂದಿಟ್ಟುಕೊಂಡರೆ 110 ಕುಣಿಕೆಯ 168 ಸಾಲು, ಅಂದರೆ 18,480 ಕುಣಿಕೆ. ಎದೆಯ ಭಾಗ ಇನ್ನೊಂದು ಅಷ್ಟು, ತೋಳುಗಳೆರಡೂ ಸೇರಿ ಮತ್ತೊಂದು ಅಷ್ಟು. ಒಟ್ಟು 55,440. ನಿಮಿಷಕ್ಕೆ 30ರಂತೆ ಹೆಣೆದರೆ ಸುಮಾರು 31 ಗಂಟೆ. 600 ಪುಟದ ಕಾದಂಬರಿಗೆ, ಪುಟಕ್ಕೆ ಒಂದೂವರೆ ನಿಮಿಷದಂತೆ, 15 ಗಂಟೆ. ಎರಡೂ ಕೂಡಿ 46 ಗಂಟೆ. ದಿನಕ್ಕೆ ಅರ್ಧ ಗಂಟೆ ಎತ್ತಿಟ್ಟರೆ 92 ದಿನ. ಗಣೇಶನ ಹಬ್ಬಕ್ಕೆ ಶುರು ಮಾಡಿದರೆ ಡಿಸೆಂಬರಿನ ಚಳಿಗೆ ಸ್ವೆಟರ್ ಮೈಮೇಲೆ, ಕಾದಂಬರಿ ತಲೆಯೊಳಗೆ.

ಲೆಕ್ಕ ಸರಿಯಾಗಿದೆ. ಸ್ವೆಟರ್ ಮಾತ್ರ ಇಲ್ಲ. ಅಕ್ಕನ ಮಗುವಿನ ನಾಮಕರಣಕ್ಕೆಂದು ಶುರು ಮಾಡಿದ ಕುಲಾವಿ ಮುಗಿಯುವ ಹೊತ್ತಿಗೆ ಆ ಮಗುವೇ ಬಂದು, “ಚಿಕ್ಕಮ್ಮಾ, ಇದು ನನ್ನ ಗೊಂಬೆಗಾ?” ಎಂದು ಕೇಳುತ್ತದೆ. ಶಾಸ್ತ್ರಕ್ಕೂ ಲೋಕಾನುಭವಕ್ಕೂ ನಡುವೆ ಇರುವ ಈ ಕಂದಕವೇ ಪ್ರಸ್ತುತ ಮೀಮಾಂಸೆಯ ಹುಟ್ಟಿಗೆ ಕಾರಣ.

ಪೂರ್ವಪಕ್ಷಗಳು ಮತ್ತು ಅವುಗಳ ಖಂಡನೆ

ಮೊದಲನೆಯವರು ಬ್ರಾಹ್ಮೀಮುಹೂರ್ತವಾದಿಗಳು. ‘ಬೇಗ ಏಳಿ, ಎಲ್ಲಕ್ಕೂ ಸಮಯ ಸಿಗುತ್ತದೆ’ ಎಂಬುದು ಇವರ ಮತ. ಇಂಗ್ಲಿಷ್ ಕಾದಂಬರಿಕಾರ ಆಂಥೊನಿ ಟ್ರಾಲಪ್ ಇವರ ಆಪ್ತವಾಕ್ಯ. ಅಂಚೆ ಇಲಾಖೆಯ ಅಧಿಕಾರಿಯಾಗಿದ್ದ ಆತ ಬೆಳಿಗ್ಗೆ 5.30ಕ್ಕೆ ಮೇಜಿನ ಮುಂದೆ ಕೂತು, ಗಡಿಯಾರ ಎದುರಿಗಿಟ್ಟುಕೊಂಡು, ಕಾಲು ಗಂಟೆಗೆ 250 ಪದದಂತೆ ಬರೆದು 47 ಕಾದಂಬರಿ ಮುಗಿಸಿದ. ಆದರೆ ಆತ್ಮಕಥೆಯಲ್ಲಿ ಆತನೇ ಹೇಳಿಕೊಂಡಿರುವ ಇನ್ನೊಂದು ಸಂಗತಿಯನ್ನು ಈ ವಾದಿಗಳು ಜಾಣತನದಿಂದ ನುಂಗಿಬಿಡುತ್ತಾರೆ. ಅವನನ್ನು ಎಬ್ಬಿಸಿ ಕಾಫಿ ಕೊಡಲು ಕುದುರೆಲಾಯದ ಮುದಿ ಆಳೊಬ್ಬನಿದ್ದ. ಅದಕ್ಕೆಂದೇ ಅವನಿಗೆ ವರ್ಷಕ್ಕೆ 5 ಪೌಂಡ್ ಹೆಚ್ಚುವರಿ ಸಂಬಳ. ನಮ್ಮ ಸಾಧಕಿಯ ಮನೆಯಲ್ಲಿ ಎಲ್ಲರನ್ನೂ ಎಬ್ಬಿಸಿ ಕಾಫಿ ಕೊಡುವ ಹುದ್ದೆಯಲ್ಲಿರುವುದು ಸಾಧಕಿಯೇ. ಆ 5 ಪೌಂಡ್ ಈವರೆಗೆ ಮಂಜೂರಾಗಿಲ್ಲ. ಮೈಸೂರು ಸರ್ಕಾರದ ದೊಡ್ಡ ಹುದ್ದೆಯಲ್ಲಿದ್ದುಕೊಂಡೇ ಮಾಸ್ತಿಯವರು ಕಥೆ ಬರೆಯಲಿಲ್ಲವೇ ಎಂದು ಕೇಳುವವರಿಗೂ ನಮ್ಮದು ಒಂದೇ ಮರುಪ್ರಶ್ನೆ: ಆಗ ಒಲೆಯ ಮುಂದೆ ಯಾರಿದ್ದರು?

ಎರಡನೆಯವರು ಏಕಕಾಲವಾದಿಗಳು. ಟಾಲ್‌ಸ್ಟಾಯ್ ಅವರ ‘ಯುದ್ಧ ಮತ್ತು ಶಾಂತಿ’ ಕಾದಂಬರಿಯ ಉಪಸಂಹಾರದಲ್ಲಿ ಬರುವ ಆನ್ನಾ ಮಕಾರೊವ್ನಾ ಇವರ ಕುಲದೇವತೆ. ಈ ದಾದಿ ತನಗೊಬ್ಬಳಿಗೇ ಗೊತ್ತಿದ್ದ ಗುಟ್ಟಿನಿಂದ ಎರಡು ಕಾಲುಚೀಲಗಳನ್ನು ಒಂದರೊಳಗೊಂದಾಗಿ ಒಟ್ಟಿಗೇ ಹೆಣೆದು, ಮುಗಿದಾಗ ಮಕ್ಕಳ ಮುಂದೆ ಒಂದರ ಹೊಟ್ಟೆಯಿಂದ ಇನ್ನೊಂದನ್ನು ಎಳೆದು ತೋರಿಸುತ್ತಾಳೆ. ಹಾಗಾದರೆ ಹೆಣಿಗೆ-ಓದು ಯಾಕೆ ಒಟ್ಟಿಗೆ ಸಾಗಬಾರದು? ಉತ್ತರ: ಆಕೆಯ ಎರಡೂ ಕೆಲಸ ಕಾಲುಚೀಲವೇ. ನಮ್ಮ ಸಾಧಕಿ ಇದನ್ನು ಪ್ರಯೋಗಿಸಿಯೂ ನೋಡಿದರು. ಕಾದಂಬರಿಯನ್ನು ಸಕ್ಕರೆ ಡಬ್ಬಿಗೆ ಒರಗಿಸಿ, ಪುಟ ಮಗುಚದಂತೆ ಸೌಟು ಅಡ್ಡ ಇಟ್ಟು, ತೋಳಿನ ಕುಣಿಕೆ ಕಡಿಮೆ ಮಾಡುವ ಸಾಲಿಗೆ ಬಂದರು. “ಮೂವತ್ತೆಂಟು, ಮೂವತ್ತೊಂಬತ್ತು...” ಎನ್ನುವಷ್ಟರಲ್ಲಿ ಕಥಾನಾಯಕನ ತಂದೆ ತೀರಿಕೊಂಡ, ಸಾಧಕಿಗೆ ಗೊತ್ತಾದದ್ದು ತಿಥಿಯ ದಿನ. ಛೇ ಎಂದು ಪುಟ ಹಿಂದೆ ತಿರುಗಿಸಲು ಕೈ ಬಿಟ್ಟದ್ದೇ ತಡ, ಒಂದು ಕುಣಿಕೆ ಜಾರಿ ಬಾರ್ಡರಿನವರೆಗೂ ಏಣಿ ಬಿದ್ದಿತು.

ಮೂರನೆಯವರು ಭಾನುವಾರವಾದಿಗಳು. ದೋಸೆ ಹಿಟ್ಟು, ಇಸ್ತ್ರಿ, ನೆಂಟರು. ಇವರಿಗೆ ಇಷ್ಟು ಖಂಡನೆ ಸಾಕು.

ಸಿದ್ಧಾಂತ

ಮೂವರ ದೋಷವೂ ಒಂದೇ: ಬಿಡುವನ್ನು ಗಂಟೆಯ ಲೆಕ್ಕದಲ್ಲಿ ಅಳೆದದ್ದು. ಬಿಡುವು ಬರುವುದು ಚೂರುಚೂರಾಗಿ. ಕುಕ್ಕರ್ ಮೂರನೇ ಸೀಟಿ ಹೊಡೆಯುವವರೆಗೆ, ಸರ್ವರ್ ಎದ್ದು ಕೂರುವವರೆಗೆ, ಬಸ್ಸು ಸಿಗ್ನಲ್ ದಾಟುವವರೆಗೆ. 110 ಕುಣಿಕೆಯ ಒಂದು ಸಾಲಿಗೆ ನಾಲ್ಕು ನಿಮಿಷವೂ ಬೇಡ. ಬಿಟ್ಟಲ್ಲಿಂದಲೇ ಎತ್ತಿಕೊಳ್ಳಬಹುದು, ಕಡ್ಡಿ ಮುನಿಸಿಕೊಳ್ಳುವುದಿಲ್ಲ. ಕಾದಂಬರಿಯ ಸ್ವಭಾವ ಬೇರೆ. ನಾಲ್ಕು ದಿನ ಬಿಟ್ಟು ತೆರೆದರೆ ‘ಈ ಶಾಮಣ್ಣ ಯಾರಪ್ಪಾ?’ ಎಂದು ಮೂವತ್ತು ಪುಟ ಹಿಂದಕ್ಕೆ ನಡೆಸುತ್ತದೆ. ಇದರಿಂದ ಮೊದಲ ಸೂತ್ರ ಸಿದ್ಧವಾಯಿತು.

ಸೂತ್ರ 1: ಚೂರಿಗೆ ಕಡ್ಡಿ, ಇಡಿಗೆ ಪುಸ್ತಕ.

ಭಾಷ್ಯ: ಕಾದಂಬರಿಯನ್ನೂ ಚೂರಾಗಿ ಬಡಿಸುತ್ತಿದ್ದ ಕಾಲವೊಂದಿತ್ತು. ‘ಸುಧಾ’, ‘ತರಂಗ’ಗಳ ಧಾರಾವಾಹಿಗಳು ಓದುಗರ ಬಿಡುವಿನ ಅಳತೆ ತೆಗೆದುಕೊಂಡೇ ಕತ್ತರಿಸಿದವು. ಡಿಕನ್ಸ್‌ನ ‘ಎ ಟೇಲ್ ಆಫ್ ಟೂ ಸಿಟೀಸ್’ 1859ರಲ್ಲಿ ಬಂದದ್ದೂ ವಾರವಾರವೇ, 31 ಕಂತುಗಳಲ್ಲಿ. ಅದರಲ್ಲೇ ಬರುವ ಮದಾಂ ಡಿಫಾರ್ಜ್ ಫ್ರಾನ್ಸಿನ ಕ್ರಾಂತಿಗೆ ಬಲಿಯಾಗಬೇಕಾದವರ ಹೆಸರುಗಳನ್ನು ಹೆಣಿಗೆಯಲ್ಲೇ ದಾಖಲಿಸುತ್ತಾಳೆ. ಅಂದರೆ ಹೆಣಿಗೆಯೇ ಆಕೆಯ ಕಚೇರಿ, ಹೆಣಿಗೆಯೇ ರಿಜಿಸ್ಟರು. ಮೂರು ಕಕಾರಗಳೂ ಒಂದೇ ಮಡಿಲಿನಲ್ಲಿ ಕೂಡಿಬಂದ ಅಪೂರ್ವ ಉದಾಹರಣೆಯಿದು. ಶಾಖೆಯ ಹಿರಿಯರು ಗಾಬರಿಯಾಗಬೇಕಿಲ್ಲ. ಸಾಧಕಿಯ ಸ್ವೆಟರಿನಲ್ಲಿ ಸದ್ಯಕ್ಕೆ ಯಾರ ಹೆಸರೂ ಇಲ್ಲ.

ಸೂತ್ರ 2: ಸೀದಾ ಸಾಲಿಗೆ ಕಥೆ, ಜಾಲರಿಗೆ ಮೌನ.

ಭಾಷ್ಯ: ಗಮಕಿಗಳು ಗದುಗಿನ ಭಾರತ ವಾಚಿಸುತ್ತಿದ್ದರೆ ಕೇಳುತ್ತ ಕೂತ ಅಜ್ಜಿಯಂದಿರ ಕೈ ಹೂಬತ್ತಿ ಹೊಸೆಯುತ್ತಿತ್ತು. ಕಣ್ಣಿಗೆ ಕೆಲಸವಿಲ್ಲ, ಬತ್ತಿಗೂ ಭಾರತಕ್ಕೂ ಜಗಳವಿಲ್ಲ. ಒಂದು ಸಾಲು ಸೀದಾ, ಒಂದು ಸಾಲು ಉಲ್ಟಾ ಹೋಗುವ ಸಾದಾ ಸ್ವೆಟರಿಗೆ ಇವತ್ತಿನ ಆಡಿಯೋ ಪುಸ್ತಕ ಅದೇ ನ್ಯಾಯದಲ್ಲಿ ಒಗ್ಗುತ್ತದೆ. ಎಣಿಸಿ ಎಣಿಸಿ ಹಾಕಬೇಕಾದ ಜಾಲರಿ ಡಿಸೈನಿಗೆ ಮಾತ್ರ ಗಂಡ, ಮಕ್ಕಳು, ಟಿ.ವಿ. ಎಲ್ಲ ವರ್ಜ್ಯ.

ಸೂತ್ರ 3: ಮೀಟಿಂಗೇ ಪರಮ ಕ್ಷೇತ್ರ.

ಭಾಷ್ಯ: ಕ್ಯಾಮೆರಾ ಭುಜದಿಂದ ಮೇಲೆ ಮಾತ್ರ ಕಾಣುತ್ತದೆ ಎಂಬುದು ಆನ್‌ಲೈನ್ ಮೀಟಿಂಗಿನ ಮೂಲತತ್ತ್ವ. ಸ್ಟೀಲ್ ಕಡ್ಡಿ ಟಿಕ್ ಟಿಕ್ ಎನ್ನುವುದರಿಂದ ಬಿದಿರಿನದೇ ಪ್ರಶಸ್ತ. “ಮೇಡಂ, ಇದಕ್ಕೆ ನೀವೇನಂತೀರಿ?” ಎಂದು ರೀಜನಲ್ ಮ್ಯಾನೇಜರ್ ಕೇಳಿದಾಗ ಸಾಲಿನಲ್ಲಿ ಇನ್ನೂ 12 ಕುಣಿಕೆ ಬಾಕಿ. ಸಾಧಕಿ ಮ್ಯೂಟ್ ತೆಗೆದು, ಕಣ್ಣು ಅರೆಮುಚ್ಚಿ, “ಒಂದ್ನಿಮಿಷ ಸರ್,” ಎಂದು ಸಾಲು ಮುಗಿಸಿ, “ಟಾರ್ಗೆಟ್ಟನ್ನ ಇನ್ನೊಂದ್ಸಲ ನೋಡ್ಬೇಕು ಸರ್,” ಎಂದರು. ಆ ಮೌನವನ್ನು ಸಭೆ ಆಳವಾದ ಚಿಂತನೆ ಎಂದು ಭಾವಿಸಿತು. ಅಗಾಥಾ ಕ್ರಿಸ್ಟಿಯ ಮಿಸ್ ಮಾರ್ಪಲ್ 1927ರ ಮೊದಲ ಕಥೆಯಲ್ಲೇ ಕಡ್ಡಿ ಹಿಡಿದು ಕೂತವಳು. ಕೋಣೆಯಲ್ಲಿದ್ದ ಬುದ್ಧಿವಂತರೆಲ್ಲ ತಪ್ಪಿದಾಗ ಕೊಲೆಗಾರನನ್ನು ಹಿಡಿದವಳು ಅವಳೇ. ಹೆಣೆಯುವವರು ಗಮನ ಕೊಡುವುದಿಲ್ಲ ಎಂಬ ಆಕ್ಷೇಪಣೆಗೆ ಇನ್ನು ಜಾಗವಿಲ್ಲ.

ಕೊನೆಯ ಶಂಕೆ

‘ಹೀಗಾದರೆ ಇದೆಲ್ಲ ಮುಗಿಯುವುದು ಯಾವಾಗ?’ ಎಂದರೆ, ಹೇಳುತ್ತೇವೆ. ಕಚೇರಿಯ ಕೆಲಸ ಯಾವತ್ತಾದರೂ ಮುಗಿದದ್ದುಂಟೇ? ಶುಕ್ರವಾರ ಮುಚ್ಚಿದ ಫೈಲು ಸೋಮವಾರ ಬೆಳಿಗ್ಗೆ ಮರಿ ಹಾಕಿಕೊಂಡು ಮೇಜಿನ ಮೇಲಿರುತ್ತದೆ. ಅದನ್ನು ಯಾರೂ ‘ಅರ್ಧಕ್ಕೆ ಬಿಟ್ಟದ್ದು’ ಎನ್ನುವುದಿಲ್ಲ. ‘ಚಾಲ್ತಿಯಲ್ಲಿದೆ’ ಎಂದು ಗೌರವದಿಂದ ಬರೆದು ಮೇಲಕ್ಕೆ ಕಳಿಸುತ್ತಾರೆ. ಸ್ವೆಟರಿಗೂ ಕಾದಂಬರಿಗೂ ಆ ಗೌರವವಿಲ್ಲ. ಸಂಬಳ ಬರುವ ಕೆಲಸ ಮುಗಿಯದಿದ್ದರೆ ಅದು ಜವಾಬ್ದಾರಿ, ಸಂತೋಷ ಕೊಡುವ ಕೆಲಸ ಮುಗಿಯದಿದ್ದರೆ ಅದು ಸೋಮಾರಿತನ. ಆದ್ದರಿಂದ ಇನ್ನು ಮುಂದೆ ಒಂದು ತೋಳು ಬಾಕಿಯಿರುವ ಪ್ರತಿ ಸ್ವೆಟರನ್ನೂ, 212ನೇ ಪುಟದಲ್ಲಿ ಬಸ್ ಟಿಕೆಟ್ ಸಿಕ್ಕಿಸಿಟ್ಟ ಪ್ರತಿ ಕಾದಂಬರಿಯನ್ನೂ ‘ಚಾಲ್ತಿಯಲ್ಲಿದೆ’ ಎಂದೇ ನಮೂದಿಸತಕ್ಕದ್ದು.

ಫಲಶ್ರುತಿ

ಈ ಮೀಮಾಂಸೆಯನ್ನು ಬೆಳಿಗ್ಗೆ ಪಠಿಸಿದವರಿಗೆ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಗುವುದು. ಮಧ್ಯಾಹ್ನ ಪಠಿಸಿದವರ ಮೀಟಿಂಗು ರದ್ದಾಗುವುದು. ರಾತ್ರಿ ಪಠಿಸಿದವರಿಗೆ ಶಾಮಣ್ಣ ಯಾರೆಂಬುದು ತಾನಾಗಿ ನೆನಪಾಗುವುದು. ಹೆಣೆಯುತ್ತ ಕೇಳಿದವರ ಕಡ್ಡಿಯಿಂದ ಕುಣಿಕೆ ಜಾರದು. “ಇನ್ನೂ ಮುಗಿದಿಲ್ವಾ?” ಎಂದು ಕೇಳಿದವರಿಗೆ ಅದೇ ಸ್ವೆಟರ್, ಒಂದೇ ತೋಳಿನೊಂದಿಗೆ, ಹುಟ್ಟುಹಬ್ಬದ ಉಡುಗೊರೆಯಾಗಿ ಪ್ರಾಪ್ತವಾಗುವುದು.