ಹಿಂದಿನ ಸೀಟಿನ ರಾಯರು

ನಮ್ಮ ರಾಯರು ಬಸ್ಸಿನಲ್ಲಿ ಕಿಟಕಿ ಪಕ್ಕ ಕೂರುವುದಿಲ್ಲ. ಗಾಳಿ ಅವರಿಗೆ ಶತ್ರು. ಮುಂದಿನ ಸೀಟಿನ ಮಾತನ್ನೆಲ್ಲ ಹೊತ್ತುಕೊಂಡು ಹೋಗಿಬಿಡುತ್ತದೆ. ಇಬ್ಬರು ಹೆಂಗಸರು, ಇಲ್ಲವೇ ಆಗಷ್ಟೇ ಜಗಳ ಆಡಿ ಹತ್ತಿದ ಗಂಡ ಹೆಂಡತಿ ಎಲ್ಲಿದ್ದಾರೆಂದು ನೋಡಿ ಅವರ ಹಿಂದಿನ ಸೀಟು ಹಿಡಿಯುತ್ತಾರೆ. ಕಿವಿಯಲ್ಲಿ ಇಯರ್‌ಫೋನ್. ಅದರ ವೈರು ಅಂಗಿ ಜೇಬಿಗೆ ಇಳಿದಿರುತ್ತದೆ, ಜೇಬಿನಲ್ಲಿ ಮೊಬೈಲ್ ಇರುವುದಿಲ್ಲ.

ಕ್ಷೌರದಂಗಡಿಯಲ್ಲಿ ಸರದಿ ಬಂದರೂ "ನೀವು ಕೂತ್ಕೊಳ್ಳಿ, ನನಗೇನೂ ಅರ್ಜೆಂಟಿಲ್ಲ" ಎಂದು ಮೂವರನ್ನು ಮುಂದೆ ಬಿಡುತ್ತಾರೆ. ದರ್ಶಿನಿಯಲ್ಲಿ ನನ್ನ ಜತೆ ಬೈಟು ಕಾಫಿ ತಗೊಂಡು, ತಮ್ಮ ಅರ್ಧವನ್ನು ಹಿಡಿದುಕೊಂಡು ಮೂರು ಟೇಬಲ್ ತಿರುಗುತ್ತಾರೆ. ಇಂಥವರು ನಿಮ್ಮೂರಲ್ಲೂ ಒಬ್ಬರಿರುತ್ತಾರೆ. ದೀಪಾವಳಿ ವಿಶೇಷಾಂಕದ ಕಥಾಸ್ಪರ್ಧೆಯ ಪ್ರಕಟಣೆ ಬಂತೆಂದರೆ ಅವರ ಓಡಾಟ ಜಾಸ್ತಿಯಾಗುತ್ತದೆ, ಗಮನಿಸಿ.

ಮನೆಯಲ್ಲೇ ಕೂತು ಬರೆಯಬಾರದೇ ಎಂದು ಒಮ್ಮೆ ಕೇಳಿದೆ. ರಾಯರು ನೊಂದುಕೊಂಡರು. "ರಾ.ಶಿ.ಯವರನ್ನು ನೋಡಿ. 1942ರಲ್ಲಿ ಕೊರವಂಜಿ ಪತ್ರಿಕೆ ಶುರು ಮಾಡಿ 1967ರ ತನಕ ನಾಡನ್ನೆಲ್ಲ ನಗಿಸಿದರು. ಅವರು ಡಾಕ್ಟರು ಕಣ್ರೀ! ಜನ ತಾವಾಗಿ ಬಂದು ನಾಲಿಗೆ ಚಾಚುತ್ತಿದ್ದರು. ನಾನು ರೆಕಾರ್ಡ್ ರೂಮಿನ ಗುಮಾಸ್ತ. ನನ್ನ ಹತ್ತಿರ ಬರೋದು ಗೆದ್ದಲು."

ಕಳೆದ ವರ್ಷ ತುಮಕೂರಿನಿಂದ ಕುಣಿಗಲ್‌ಗೆ ಇಬ್ಬರೂ ಹೊರಟಿದ್ದೆವು. ಇನ್ನೂರರ ನೋಟು ಕೊಟ್ಟವನು ನಾನು. ಕಂಡಕ್ಟರ್ ಟಿಕೆಟ್ ಹಿಂದೆ 110 ಎಂದು ಗೀಚಿ "ಇಳಿಯೋವಾಗ ಇಸ್ಕೊಳಿ" ಎಂದರು. ಟಿಕೆಟ್ ರಾಯರ ಕೈಯಲ್ಲಿ ಉಳಿಯಿತು.

ಹೆಬ್ಬೂರಿನಲ್ಲಿ ಒಬ್ಬ ಅಜ್ಜಿ ಹತ್ತಿದರು. ಕಂಕುಳಲ್ಲಿ ಬ್ಯಾಗು, ಬ್ಯಾಗಿನಿಂದ ಕತ್ತು ಹೊರಹಾಕಿದ ಕೋಳಿ. 2023ರ ಜೂನ್‌ನಿಂದ ನಮ್ಮ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ಉಂಟು, ದುಡ್ಡಿಲ್ಲ. ಅಜ್ಜಿ ಆಧಾರ್ ಕಾರ್ಡ್ ತೋರಿಸಿ, ಸೊನ್ನೆ ರೂಪಾಯಿ ಟಿಕೆಟನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡರು. ಕಂಡಕ್ಟರ್ ಕದಲಲಿಲ್ಲ.

"ಕೋಳಿಗೆ ಅರ್ಧ ಟಿಕೆಟ್ ಅಜ್ಜಿ."

"ನಂಗೆ ಫ್ರೀ, ಇದಕ್ ದುಡ್ಡಾ? ಇದೂ ಹೆಣ್ಣೇ ಕಣಪ್ಪ."

"ಹೆಣ್ಣು ಅನ್ನಾಕೆ ಆಧಾರ್ ಐತಾ?"

"ದಿನಾ ಮೊಟ್ಟೆ ಇಕ್ತೈತೆ. ಇನ್ನೆಂಥ ಆಧಾರ ಬೇಕ್ಲಾ ನಿಂಗೆ?"

ಬಸ್ಸಿಗೆ ಬಸ್ಸೇ ನಕ್ಕಿತು. ಡ್ರೈವರ್ ಕನ್ನಡಿಯಲ್ಲಿ ಕೋಳಿಯನ್ನು ಹುಡುಕಿದರು. (ಅಜ್ಜಿ ದುಡ್ಡು ಕೊಟ್ಟರು ಅನ್ನಿ. ಮಾತು ಬೇರೆ, ಟಿಕೆಟ್ ಬೇರೆ.) ನಗದೆ ಕೂತವರು ರಾಯರೊಬ್ಬರೇ. ಅವರು ಬರೆಯುತ್ತಿದ್ದರು. ನೋಟ್‌ಬುಕ್ ಮರೆತು ಬಂದಿದ್ದರಿಂದ ಕೈಗೆ ಸಿಕ್ಕಿದ್ದು ನಮ್ಮ ಟಿಕೆಟ್. 110ರ ಸುತ್ತ ಇರುವೆ ಸಾಲಿನಂತೆ ಅಕ್ಷರ.

ಕುಣಿಗಲ್‌ನಲ್ಲಿ ಕಂಡಕ್ಟರ್ ಚಿಲ್ಲರೆ ಎಣಿಸಿಕೊಂಡು ಟಿಕೆಟ್‌ಗೆ ಕೈಚಾಚಿದರು. ರಾಯರು ಎದೆಗೆ ಒತ್ತಿಕೊಂಡರು. "ಕೊಟ್ಟರೆ ಹರೀತೀರಿ. ಇದರಲ್ಲಿ ಕಥೆ ಇದೆ."

ಕಂಡಕ್ಟರ್ ಬಗ್ಗಿ ಓದಿದರು. "ಸಾರ್, 'ದಿನಾ' ಬಿಟ್ಟಿದೀರಿ. ಅಜ್ಜಿ ಅಂದಿದ್ದು 'ದಿನಾ ಮೊಟ್ಟೆ ಇಕ್ತೈತೆ' ಅಂತ."

ಹೌದಲ್ಲ! ಆ 'ದಿನಾ' ಹೋದರೆ ಅರ್ಧ ಮಜಾ ಹೋಯಿತು. ಕಥೆ ಬರೆಯಬೇಕಾದವರು ಈ ಕಂಡಕ್ಟರು ಎಂದು ನನಗೆ ಅಲ್ಲೇ ಅನ್ನಿಸಿತು. "ಮೊಬೈಲಲ್ಲಿ ಫೋಟೋ ತೆಕ್ಕೊಂಡು ಕೊಡಿ ಸಾರ್" ಎಂದು ದಾರಿ ತೋರಿಸಿದವರೂ ಅವರೇ. ರಾಯರು ಜೇಬು ತಡಕಿದರು. ಇಯರ್‌ಫೋನಿನ ತುದಿ ಹೊರಬಂದು ಎಲ್ಲರೆದುರು ನೇತಾಡಿತು. ನನ್ನ ಮೊಬೈಲಿನಲ್ಲಿ ಚಾರ್ಜ್ ಇರಲಿಲ್ಲ. ಡ್ರೈವರ್ ಹಾರ್ನ್ ಹೊಡೆದರು. ಕಥೆ ಇಳಿಯಿತು, 110 ರೂಪಾಯಿ ಬಸ್ಸಿನಲ್ಲೇ ಹೋಯಿತು.

ಎರಡು ತಿಂಗಳ ಮೇಲೆ ರಾಯರು ಕಥೆ ಓದಿದರು. ಹೆಸರು 'ಶೂನ್ಯದ ನೆರಳು'. ಹದಿನೆಂಟು ಪುಟ. ಸೊನ್ನೆ ಟಿಕೆಟ್ ಬದುಕಿನ ಶೂನ್ಯವಾಗಿತ್ತು. ಅಜ್ಜಿ ಏಳು ಪುಟದಷ್ಟು ಕಾಲ ಮುಸ್ಸಂಜೆಯನ್ನು ದಿಟ್ಟಿಸುತ್ತಿದ್ದರು, ಒಂದು ಮಾತಿಲ್ಲ. ಕಂಡಕ್ಟರ್ ವ್ಯವಸ್ಥೆಯ ಸಂಕೇತವಂತೆ.

"ಕೋಳಿ ಎಲ್ಲಿ ರಾಯರೇ?"

"ತೆಗೆದೆ. ಕೋಳಿ ಇದ್ದರೆ ಜನ ನಗ್ತಾರೆ."

ಕಥಾಸ್ಪರ್ಧೆಯ ತೀರ್ಪುಗಾರರಲ್ಲಿ ಒಂದು ವಿನಂತಿ. 'ಶೂನ್ಯದ ನೆರಳು' ನಿಮ್ಮ ಕೈಸೇರಿ, ಅಕಸ್ಮಾತ್ ಬಹುಮಾನವನ್ನೂ ಕೊಡುವುದಾದರೆ, ಅದರಲ್ಲಿ 110 ರೂಪಾಯಿ ಮುರಿದುಕೊಂಡು ನನಗೆ ಕಳಿಸಿ. ಟಿಕೆಟ್ ಇನ್ನೂ ರಾಯರ ಹತ್ತಿರವೇ ಇದೆ. ಮುಂದಿನ ಅಚ್ಚು ಮಾಸಿದೆ, ಹಿಂದೆ ಕಂಡಕ್ಟರ್ ಬರೆದದ್ದು ಮಾತ್ರ ಸ್ಪಷ್ಟವಾಗಿ ಕಾಣುತ್ತದೆ.